ಮರಣೋತ್ತರ ಧ್ವನಿಮುದ್ರಿಕೆಗಳಲ್ಲಿ ಪಾಠಶುದ್ಧಿಯ ವಿಚಾರ: ಜಿಮಿ ಹೆಂಡ್ರಿಕ್ಸನು ಬಿಟ್ಟುಹೋದ ಟೇಪುಗಳು

ಕರ್ತೃವು ಕಾಲವಾದ ಬಳಿಕ ಅವನ ಅಪೂರ್ಣಕೃತಿಯನ್ನು ಯಾರು, ಯಾವ ಅಧಿಕಾರದಿಂದ, ಎಷ್ಟರಮಟ್ಟಿಗೆ ತಿದ್ದಿ ಲೋಕಕ್ಕೆ ಕೊಡಬಹುದೆಂಬ ವಿಚಾರವು ಸಾಹಿತ್ಯಚರಿತ್ರೆಯಲ್ಲಿ ಬಹು ಹಳೆಯದು. ಕ್ರಿ. ಪೂ. 19ರಲ್ಲಿ ರೋಮಿನ ಮಹಾಕವಿಯಾದ ವರ್ಜಿಲನು ತನ್ನ ‘ಈನಿಯಡ್’ ಕಾವ್ಯವನ್ನು ತಿದ್ದಿ ಮುಗಿಸುವ ಮೊದಲೇ ತೀರಿಕೊಂಡನು. ಅದನ್ನು ಸುಟ್ಟುಬಿಡಬೇಕೆಂಬುದು ಆತನ ಕಡೆಯ ಇಚ್ಛೆಯಾಗಿತ್ತೆಂದು ಪ್ರತೀತಿಯುಂಟು. ಚಕ್ರವರ್ತಿ ಅಗಸ್ಟಸನ ಆಜ್ಞೆಯಂತೆ ವೇರಿಯಸ್, ಟುಕ್ಕಾ ಎಂಬ ಇಬ್ಬರು ಮಿತ್ರರು ಕಾವ್ಯವನ್ನು ಹೊರತಂದರು. ಆದರೆ ಕವಿಯು ಅರ್ಧಕ್ಕೆ ನಿಲ್ಲಿಸಿದ್ದ ಪಂಕ್ತಿಗಳು ಇಂದಿಗೂ ಅರ್ಧವಾಗಿಯೇ ಇವೆ. ನಮ್ಮ ದೇಶದಲ್ಲಿ ಬಾಣನ ‘ಕಾದಂಬರಿ’ಯನ್ನು ಅವನ ಮಗನು ಪೂರ್ತಿಗೊಳಿಸಿದನು. ಕಥೆಯು ನಿಂತುಹೋದುದಕ್ಕೆ ಸಜ್ಜನರು ಮರುಗುವುದನ್ನು ಕಂಡು ತಾನು ಈ ಕಾರ್ಯಕ್ಕೆ ತೊಡಗಿದುದಾಗಿಯೂ, ಕವಿತ್ವದ ಗರ್ವದಿಂದಲ್ಲವೆಂದೂ ಆತನು ಉತ್ತರಭಾಗದ ಮೊದಲಿನಲ್ಲಿಯೇ ಹೇಳಿಕೊಂಡಿದ್ದಾನೆ. ಜಿನಸೇನಾಚಾರ್ಯರು ಬಿಟ್ಟುಹೋದ ಮಹಾಪುರಾಣವನ್ನು ಶಿಷ್ಯರಾದ ಗುಣಭದ್ರರು ಮುಂದುವರಿಸಿದ ಸಂಗತಿಯು ಕನ್ನಡ ವಿದ್ವಾಂಸರಿಗೆ ಹೊಸತಾಗಿ ಹೇಳತಕ್ಕುದಲ್ಲ. ಈ ಮೂರು ದೃಷ್ಟಾಂತಗಳಲ್ಲಿಯೂ ಒಂದು ಗುಣವು ಸಮಾನವಾಗಿದೆ: ಮೂಲದ ಕೈ ಎಲ್ಲಿ ನಿಂತಿತು, ಇತರರ ಕೈ ಎಲ್ಲಿ ಮೊದಲಾಯಿತು ಎಂಬುದು ಓದುಗನಿಗೆ ಮರೆಯಾಗಿಲ್ಲ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇದೇ ಪ್ರಶ್ನೆಯು ಅಕ್ಷರವನ್ನು ಬಿಟ್ಟು ನಾದಕ್ಕೆ ಸಂಕ್ರಮಿಸಿತು. ಮೊದಲ ಕಾಲದ ಗ್ರಾಮಾಫೋನ್ ತಟ್ಟೆಯಲ್ಲಿ ಹಾಡುಗಾರನೂ ಪಕ್ಕವಾದ್ಯದವರೂ ಒಮ್ಮೆಗೇ ಹಾಡಿ ನುಡಿಸಿದುದು ಒಂದೇ ಗೆರೆಯಲ್ಲಿ ಕೊರೆದು ನಿಲ್ಲುತ್ತಿತ್ತು. ಅದನ್ನು ಬೇರ್ಪಡಿಸಿ ತಿದ್ದುವುದಕ್ಕೆ ಉಪಾಯವಿರಲಿಲ್ಲ. ಕಾಂತಶಕ್ತಿಯ ಟೇಪು ಬಂದ ಮೇಲೆ, ಅದರಲ್ಲಿಯೂ ನಾಲ್ಕು, ಎಂಟು, ಹನ್ನೆರಡು, ಹದಿನಾರು ಟ್ರ್ಯಾಕುಗಳ ಯಂತ್ರಗಳು ಬಳಕೆಗೆ ಬಂದ ಮೇಲೆ, ಸ್ಥಿತಿಯು ಬದಲಾಯಿತು. ಒಂದೇ ಟೇಪಿನ ಅಗಲದಲ್ಲಿ ಕಂಠಕ್ಕೊಂದು, ಗಿಟಾರಿಗೊಂದು, ಡ್ರಮ್ಮಿಗೆ ಒಂದೆರಡು ಎಂಬಂತೆ ಪ್ರತ್ಯೇಕವಾದ ಟ್ರ್ಯಾಕುಗಳಿರುತ್ತವೆ. ಒಂದನ್ನು ಅಳಿಸಿ ಅದರ ಸ್ಥಾನದಲ್ಲಿ ಬೇರೆಯವನು ನುಡಿಸಿದುದನ್ನು ಸೇರಿಸಬಹುದು, ಉಳಿದವುಗಳಿಗೆ ಊನವಿಲ್ಲ. ಕಡೆಗೆ ಇವೆಲ್ಲವನ್ನೂ ಹದವಾಗಿ ಬೆರೆಸಿ ಎರಡು ಟ್ರ್ಯಾಕುಗಳಿಗೆ ಇಳಿಸುವುದಕ್ಕೆ ಮಿಶ್ರಣವೆಂದು ಹೆಸರು. ಓಲೆಗರಿಯಲ್ಲಿ ಲಿಪಿಕಾರನು ಸೇರಿಸಿದ ಪ್ರಕ್ಷಿಪ್ತಪದ್ಯವನ್ನು ಛಂದಸ್ಸಿನಿಂದಲೋ ಭಾಷೆಯಿಂದಲೋ ಇತರ ಮಾತೃಕೆಗಳ ಸಾಕ್ಷ್ಯದಿಂದಲೋ ಗುರುತಿಸಬಹುದು. ಮಿಶ್ರಣವಾದ ಟೇಪಿನಲ್ಲಿಯಾದರೋ ಪ್ರಕ್ಷೇಪವು ಮೂಲದ ಪಕ್ಕದಲ್ಲಿ ನಿಲ್ಲುವುದಿಲ್ಲ, ಹಾಲಿನಲ್ಲಿ ನೀರಿನಂತೆ ಬೆರೆತುಹೋಗುತ್ತದೆ. ಮೂಲಟೇಪು ಕೈಗೆ ಸಿಕ್ಕದವನಿಗೆ ಹಂಸಕ್ಷೀರನ್ಯಾಯವು ಸಾಧ್ಯವಿಲ್ಲ.

ಈ ಬಗೆಯ ಕಾರ್ಯಕ್ಕೆ ಬಹು ಮುಂಚಿನ ನಿದರ್ಶನಗಳಲ್ಲೊಂದು ಅಮೆರಿಕದ ಬಡಿ ಹಾಲಿಯದು. 1959ನೆಯ ಇಸವಿ ಫೆಬ್ರವರಿ 3ರಂದು ಅಯೋವಾ ಸಂಸ್ಥಾನದ ಕ್ಲಿಯರ್ ಲೇಕ್ ಬಳಿಯಲ್ಲಿ ವಿಮಾನವು ಬಿದ್ದು ಆತನು ಮೃತನಾದಾಗ ವಯಸ್ಸು ಇಪ್ಪತ್ತೆರಡು. ಅದಕ್ಕೆ ಕೆಲವೇ ವಾರಗಳ ಮುಂಚೆ ನ್ಯೂಯಾರ್ಕಿನ ತನ್ನ ಬಿಡಾರದಲ್ಲಿ ಒಂದು ಟೇಪು ಯಂತ್ರವನ್ನಿಟ್ಟುಕೊಂಡು, ಗಿಟಾರಿನೊಡನೆ ಒಬ್ಬನೇ ಹಾಡಿ, ಹೊಸದಾಗಿ ರಚಿಸಿದ ಆರು ಹಾಡುಗಳನ್ನು ಮುದ್ರಿಸಿಟ್ಟಿದ್ದನು. ಜಾಕ್ ಹ್ಯಾನ್ಸನ್ ಎಂಬವನು 1959-60ರಲ್ಲಿ ಇವುಗಳಿಗೆ ವಾದ್ಯಮೇಳವನ್ನೂ ಹಿನ್ನೆಲೆಯ ಕಂಠಗಳನ್ನೂ ಕೂಡಿಸಿ ಹೊರತಂದನು. ಅನಂತರ ಹಾಲಿಯ ಹಿಂದಿನ ನಿರ್ಮಾಪಕನಾದ ನಾರ್ಮನ್ ಪೆಟಿ ಎಂಬವನು ನ್ಯೂ ಮೆಕ್ಸಿಕೋ ಸಂಸ್ಥಾನದ ಕ್ಲೋವಿಸ್ ಊರಿನಲ್ಲಿ ‘ಫೈರ್‌ಬಾಲ್ಸ್’ ಎಂಬ ತಂಡದಿಂದ ಅದೇ ಹಾಡುಗಳಿಗೆ ಮತ್ತೊಂದು ಹಿಮ್ಮೇಳವನ್ನು ಕಟ್ಟಿಸಿದನು. ಒಂದೇ ಸೂತ್ರಕ್ಕೆ ಇಬ್ಬರು ಭಾಷ್ಯಕಾರರಾದಂತಾಯಿತು. ಮೂಲಟೇಪು ನಾಶವಾಗದೆ ಉಳಿದುದರಿಂದ ಮೇಲ್ಲೇಪವಿಲ್ಲದ ಪಾಠವೂ ಮುಂದೆ ಕೇಳುವುದಕ್ಕೆ ದೊರಕಿತು.

ಆದರೆ ಇಡೀ ಸಮಸ್ಯೆಯು ತನ್ನ ಸಮಸ್ತ ಅಂಗಗಳೊಡನೆ, ಎಂದರೆ ಕರ್ತೃವಿನ ಉದ್ದೇಶ, ಸಂಪಾದಕನ ಅಧಿಕಾರ, ವಾರಸುದಾರರ ಹಕ್ಕು, ವ್ಯಾಪಾರದ ಅಗತ್ಯ ಇವೆಲ್ಲವೂ ಕೂಡಿ, ಕಾಣಿಸಿಕೊಳ್ಳುವುದು ಜಿಮಿ ಹೆಂಡ್ರಿಕ್ಸನ ವಿಷಯದಲ್ಲಿ. ಆತನು 1942ನೆಯ ಇಸವಿ ನವಂಬರ್ 27ರಂದು ಅಮೆರಿಕದ ಸಿಯಾಟಲ್ ನಗರದಲ್ಲಿ ಹುಟ್ಟಿದ ಕರಿಯ ಜನಾಂಗದ ಗಿಟಾರುವಾದಕ. ಇತರರ ತಂಡಗಳಲ್ಲಿ ಪಕ್ಕವಾದ್ಯದವನಾಗಿದ್ದ ಕಾಲದಲ್ಲಿ, 1965ರ ಅಕ್ಟೋಬರಿನಲ್ಲಿ, ಮೂರು ವರ್ಷಗಳ ಒಪ್ಪಂದವೊಂದಕ್ಕೆ ಒಂದು ಡಾಲರಿನ ಪ್ರತಿಫಲಕ್ಕೂ ನೂರಕ್ಕೆ ಒಂದರ ಗೌರವಧನಕ್ಕೂ ರುಜು ಹಾಕಿದನು. 1966ರಲ್ಲಿ ಲಂಡನ್ನಿಗೆ ಹೋಗಿ ಮಿಚ್ ಮಿಚೆಲ್, ನೋಯೆಲ್ ರೆಡಿಂಗ್ ಎಂಬವರೊಡನೆ ತಂಡವನ್ನು ಕಟ್ಟಿ ಕೀರ್ತಿಶಾಲಿಯಾದ ಮೇಲೆ, ಆ ಹಳೆಯ ಒಪ್ಪಂದದ ಬಲದಿಂದ ಅವನು ಹಿಂದೆ ನುಡಿಸಿದ್ದ ಟೇಪುಗಳು ಅವನದೇ ಆಲ್ಬಮ್ ಎಂಬಂತೆ 1967ರ ಕೊನೆಯಲ್ಲಿ ಅಂಗಡಿಗೆ ಬಂದವು. ಕರ್ತೃವು ಬದುಕಿರುವಾಗಲೇ ಅವನ ಸಮ್ಮತಿಯಿಲ್ಲದೆ ಟೇಪುಗಳು ಹೊರಬರಬಹುದೆಂಬುದಕ್ಕೆ ಇದು ಸಾಕ್ಷಿ. ಆ ವ್ಯಾಜ್ಯವನ್ನು ತೀರಿಸುವ ಸಲುವಾಗಿಯೇ 1970ರಲ್ಲಿ ‘ಬ್ಯಾಂಡ್ ಆಫ್ ಜಿಪ್ಸೀಸ್’ ಎಂಬ ಕಚೇರಿಯ ಮುದ್ರಣವನ್ನು ಆತನು ಕೊಡಬೇಕಾಯಿತು. ಇದನ್ನು ಬಿಟ್ಟರೆ ಹೆಂಡ್ರಿಕ್ಸನು ಸ್ವತಃ ಮುಗಿಸಿ ಒಪ್ಪಿಸಿದ ಸ್ಟುಡಿಯೋ ಆಲ್ಬಮುಗಳು ಮೂರೇ: 1967ರಲ್ಲಿ ಎರಡು, 1968ರಲ್ಲಿ ‘ಎಲೆಕ್ಟ್ರಿಕ್ ಲೇಡಿಲ್ಯಾಂಡ್’. ಮರಣಾನಂತರ ಅವನ ಹೆಸರಿನಲ್ಲಿ ಬಂದವುಗಳ ಎದುರಿಗೆ ಈ ಮೂರು ಬಹು ಸಣ್ಣ ರಾಶಿಯೆಂದೇ ಹೇಳಬೇಕು.

ಇಷ್ಟು ಟೇಪು ಉಳಿಯಲು ಕಾರಣವು ಆತನ ಕಾರ್ಯಕ್ರಮದಲ್ಲಿಯೇ ಇದೆ. ಸ್ಟುಡಿಯೋವನ್ನು ಆತನು ಮುದ್ರಿಸುವ ಸ್ಥಳವೆಂದು ಮಾತ್ರವಲ್ಲ, ರಚಿಸುವ ಸ್ಥಳವೆಂದೂ ಭಾವಿಸಿದ್ದನು. ಒಂದೇ ಹಾಡನ್ನು ಹತ್ತಾರು ಸಲ ನುಡಿಸಿ ನೋಡುವುದು, ಅರ್ಧದಲ್ಲಿ ಬಿಡುವುದು, ತಿಂಗಳುಗಳ ಮೇಲೆ ಬೇರೊಂದು ನಗರದಲ್ಲಿ ಮತ್ತೆ ಹಿಡಿಯುವುದು ಇವು ಅವನ ಅಭ್ಯಾಸಗಳು. ಬಾಬ್ ಡಿಲನ್ನನ ‘ಆಲ್ ಅಲಾಂಗ್ ದ ವಾಚ್‌ಟವರ್’ ಎಂಬ ಹಾಡನ್ನು 1968ರ ಜನವರಿಯಲ್ಲಿ ಲಂಡನ್ನಿನಲ್ಲಿ ನಾಲ್ಕು ಟ್ರ್ಯಾಕುಗಳ ಯಂತ್ರದಲ್ಲಿ ಮೊದಲು ಮಾಡಿ, ನ್ಯೂಯಾರ್ಕಿಗೆ ಒಯ್ದು ಹೆಚ್ಚು ಟ್ರ್ಯಾಕುಗಳ ಯಂತ್ರಕ್ಕೆ ಏರಿಸಿ, ಗಿಟಾರಿನ ಮೇಲೆ ಗಿಟಾರನ್ನು ಸೇರಿಸುತ್ತ ಹೋದನು. ಬೇಸ್ ಗಿಟಾರನ್ನು ಕೂಡ ತಾನೇ ನುಡಿಸಿದನು. ಈ ಸಂಗತಿಯನ್ನು ನೆನಪಿನಲ್ಲಿಡುವುದು ಅವಶ್ಯಕ; ಮುಂದೆ ವಾದಕ್ಕೆ ಬರುತ್ತದೆ.

ನ್ಯೂಯಾರ್ಕಿನಲ್ಲಿ ಹೆಂಡ್ರಿಕ್ಸನಿಗಾಗಿಯೇ ಕಟ್ಟಿದ ‘ಎಲೆಕ್ಟ್ರಿಕ್ ಲೇಡಿ’ ಸ್ಟುಡಿಯೋವು 1970ನೆಯ ಇಸವಿ ಆಗಸ್ಟ್ 26ರಂದು ಪ್ರಾರಂಭೋತ್ಸವವನ್ನು ಕಂಡಿತು. ಕಟ್ಟಡದ ಕೆಲಸವು ಪೂರ್ತಿಯಾಗುವ ಮೊದಲೇ ಆತನು ಆ ಬೇಸಗೆಯಲ್ಲಿ ಅಲ್ಲಿ ಮುದ್ರಣವನ್ನು ತೊಡಗಿದ್ದನು. ಎರಡು ತಟ್ಟೆಗಳ, ಎಂದರೆ ನಾಲ್ಕು ಬದಿಗಳ, ಒಂದು ದೊಡ್ಡ ಆಲ್ಬಮು ಅವನ ಮನಸ್ಸಿನಲ್ಲಿತ್ತು. ಅವನ ಕೈಬರಹದ ಹಾಡುಗಳ ಪಟ್ಟಿಗಳು ಉಳಿದುಬಂದಿವೆ; ಹೆಸರಂತೂ ಒಂದಲ್ಲ, ಹಲವು ಹೆಸರುಗಳನ್ನು ಆತನು ಯೋಚಿಸಿದ್ದನು. ಕೆಲವು ಹಾಡುಗಳನ್ನು ಎಂಜಿನಿಯರ್ ಎಡ್ಡಿ ಕ್ರೇಮರನೊಡನೆ ಕುಳಿತು ತಾನೇ ಮಿಶ್ರಣ ಮಾಡಿದನು. ಕೆಲವಕ್ಕೆ ಒಂದೆರಡು ಲೇಪ ಬಾಕಿಯಿತ್ತು. ಇನ್ನು ಕೆಲವು ಬರಿಯ ಕರಡು. ಸೆಪ್ಟೆಂಬರ್ 18ರಂದು ಲಂಡನ್ನಿನಲ್ಲಿ ಇಪ್ಪತ್ತೇಳನೆಯ ವಯಸ್ಸಿನಲ್ಲಿ ಆತನು ಮೃತನಾದನು. ಮರಣಶಾಸನವನ್ನು ಬರೆದಿರಲಿಲ್ಲ. ಕಾಯಿದೆಯಂತೆ ಆಸ್ತಿಯು ಸಿಯಾಟಲ್ಲಿನಲ್ಲಿ ತೋಟಗಾರಿಕೆಯಿಂದ ಜೀವಿಸುತ್ತಿದ್ದ ತಂದೆ ಅಲ್ ಹೆಂಡ್ರಿಕ್ಸನಿಗೆ ಸೇರಿತು. ಟೇಪುಗಳ ಮೇಲಿನ ನಿಜವಾದ ಹಿಡಿತವಾದರೋ ವ್ಯವಸ್ಥಾಪಕನಾದ ಮೈಕೆಲ್ ಜೆಫ್ರಿಯಲ್ಲಿ ನಿಂತಿತು.

ಮೊದಲ ಸಂಪಾದನೆಯನ್ನು ಕ್ರೇಮರನೂ ಮಿಚೆಲ್ಲನೂ ಮಾಡಿದರು. ಇಬ್ಬರೂ ಮೃತನ ಕೆಲಸವನ್ನು ಪ್ರತ್ಯಕ್ಷವಾಗಿ ಕಂಡವರು, ಅವನ ಒಲವುಗಳನ್ನು ಬಲ್ಲವರು. ಪಾಠಪರಿಶೋಧನೆಯ ಭಾಷೆಯಲ್ಲಿ ಹೇಳುವುದಾದರೆ ಸಂಪ್ರದಾಯದ ಅರಿವುಳ್ಳ ಶಿಷ್ಯರು. 1971ರ ಮಾರ್ಚಿಯಲ್ಲಿ ‘ದ ಕ್ರೈ ಆಫ್ ಲವ್’ ಎಂಬ ಹೆಸರಿನಿಂದ ಹತ್ತು ಹಾಡುಗಳ ಆಲ್ಬಮನ್ನು ಹೊರತಂದರು. ‘ಏಂಜಲ್’ ಎಂಬ ಹಾಡಿಗೆ ಮಿಚೆಲ್ಲನು ಡ್ರಮ್ಮನ್ನು ಹೊಸದಾಗಿ ನುಡಿಸಿದನು. ‘ಡ್ರಿಫ್ಟಿಂಗ್’ ಎಂಬುದಕ್ಕೆ ವೈಬ್ರಫೋನ್ ವಾದ್ಯವನ್ನು ಸೇರಿಸಲಾಯಿತು. ಇವೂ ಪ್ರಕ್ಷೇಪಗಳೇ, ಸಂದೇಹವಿಲ್ಲ. ಆದರೆ ಮೂಲದಲ್ಲಿದ್ದ ಡ್ರಮ್ಮೂ ಮಿಚೆಲ್ಲನದೇ. ಬಾಣನ ಮಗನಿಗಿದ್ದಷ್ಟು ಅಧಿಕಾರವಾದರೂ ಅವನಿಗುಂಟು.

ಇಲ್ಲಿ ಸಂಪಾದಕರ ವಿವೇಕಕ್ಕಿಂತ ವ್ಯಾಪಾರದ ಅಗತ್ಯವು ಹೆಚ್ಚು ಅನರ್ಥವನ್ನುಂಟುಮಾಡಿತು. ಹೆಂಡ್ರಿಕ್ಸನು ಎಣಿಸಿದ್ದುದು ನಾಲ್ಕು ಬದಿಗಳ ಒಂದು ಕೃತಿ. ‘ರೇನ್‌ಬೋ ಬ್ರಿಜ್’ ಎಂಬ ಚಲಚ್ಚಿತ್ರದ ಆಲ್ಬಮಿಗೆಂದು ಜೆಫ್ರಿಯು ಕೆಲವು ಒಳ್ಳೆಯ ಹಾಡುಗಳನ್ನು ತೆಗೆದಿರಿಸಿದನು. ಅವನು ಪೂರ್ತಿಗೊಳಿಸಿದ್ದ ‘ಡಾಲಿ ಡ್ಯಾಗರ್’ ಇದರಿಂದ ಮೊದಲ ಸಂಪುಟದಿಂದ ಹೊರಗುಳಿದು, ಅದೇ ವರ್ಷದ ಅಕ್ಟೋಬರಿನಲ್ಲಿ ಎರಡನೆಯದರಲ್ಲಿ ಬಂದಿತು. 1972ರ ‘ವಾರ್ ಹೀರೋಸ್’ನಲ್ಲಿ ಇನ್ನಷ್ಟು. ಇಪ್ಪತ್ತೈದು ವರ್ಷಗಳ ತರುವಾಯ ಮೂಲದ ಯೋಜನೆಯನ್ನು ಪುನಾರಚಿಸಲು ಹೊರಟವರು ಆರಿಸಿಕೊಂಡ ಹದಿನೇಳು ಹಾಡುಗಳಲ್ಲಿ ಹತ್ತು ಮೊದಲನೆಯ ಆಲ್ಬಮಿನಲ್ಲಿಯೂ, ನಾಲ್ಕು ಎರಡನೆಯದರಲ್ಲಿಯೂ, ಮೂರು ಮೂರನೆಯದರಲ್ಲಿಯೂ ಚದರಿದ್ದವು. ಒಂದು ಕಾವ್ಯದ ಆಶ್ವಾಸಗಳನ್ನು ಮೂರು ಕಟ್ಟುಗಳಿಗೆ ಹಂಚಿ, ನಡುನಡುವೆ ಬೇರೆ ಗ್ರಂಥಗಳ ಗರಿಗಳನ್ನು ಪೋಣಿಸಿಟ್ಟರೆ ಹೇಗೋ ಹಾಗೆ. 1973ನೆಯ ಇಸವಿ ಮಾರ್ಚಿ 5ರಂದು ಫ್ರಾನ್ಸಿನ ನಾಂಟ್ ಪಟ್ಟಣದ ಮೇಲೆ ಎರಡು ವಿಮಾನಗಳು ಡಿಕ್ಕಿ ಹೊಡೆದ ಅಪಘಾತದಲ್ಲಿ ಜೆಫ್ರಿಯು ಸತ್ತನು.

ತರುವಾಯ ಟೇಪುಗಳು ಅಲನ್ ಡಗ್ಲಸನ ವಶಕ್ಕೆ ಬಂದವು. ಈತನು ಅಪರಿಚಿತನಲ್ಲ, 1969ರಲ್ಲಿ ಹೆಂಡ್ರಿಕ್ಸನೊಡನೆ ಸ್ಟುಡಿಯೋದಲ್ಲಿ ಕೆಲಸಮಾಡಿದ್ದವನು. ಆದರೆ 1975ರಲ್ಲಿ ಈತನು ಹೊರತಂದ ‘ಕ್ರ್ಯಾಶ್ ಲ್ಯಾಂಡಿಂಗ್’ ಎಂಬ ಆಲ್ಬಮು ಮರಣೋತ್ತರ ಸಂಪಾದನೆಯ ಚರಿತ್ರೆಯಲ್ಲಿ ಒಂದು ಎಚ್ಚರಿಕೆಯಂತಿದೆ. ಹೆಂಡ್ರಿಕ್ಸನ ಕಂಠವನ್ನೂ ಗಿಟಾರನ್ನೂ ಉಳಿಸಿಕೊಂಡು, ಅವನೊಡನೆ ನುಡಿಸಿದ್ದವರ ವಾದ್ಯಗಳನ್ನು ಬಹುಮಟ್ಟಿಗೆ ತೆಗೆದುಹಾಕಿ, ಆ ಸ್ಥಾನದಲ್ಲಿ ಹೆಂಡ್ರಿಕ್ಸನೊಡನೆ ಈ ಹಾಡುಗಳನ್ನು ಎಂದೂ ನುಡಿಸದ ಕೂಲಿಯ ವಾದಕರನ್ನು ಕೂರಿಸಲಾಯಿತು: ಡ್ರಮ್ಮಿಗೆ ಅಲನ್ ಶ್ವಾರ್ಟ್ಸ್‌ಬರ್ಗ್, ಬೇಸಿಗೆ ಬಾಬ್ ಬ್ಯಾಬಿಟ್, ಎರಡನೆಯ ಗಿಟಾರಿಗೆ ಜೆಫ್ ಮಿರೊನೊವ್. ಇವರು ನುರಿತವರು, ದೋಷವು ಅವರದಲ್ಲ. ‘ಕ್ಯಾಪ್ಟನ್ ಕೋಕನಟ್’ ಎಂಬುದಂತೂ ಬೇರೆಬೇರೆ ಕಾಲದ ಮೂರು ಮುದ್ರಣಗಳ ತುಂಡುಗಳನ್ನು ಎಂಜಿನಿಯರೊಬ್ಬನು ಕತ್ತರಿಸಿ ಅಂಟಿಸಿದುದು. ಹೆಂಡ್ರಿಕ್ಸನು ಅಂತಹ ಒಂದು ಕೃತಿಯನ್ನು ರಚಿಸಲೇ ಇಲ್ಲ. ಇವೆಲ್ಲಕ್ಕೂ ಮಿಗಿಲಾಗಿ, ಹಲವು ಹಾಡುಗಳಿಗೆ ಡಗ್ಲಸನು ತನ್ನ ಹೆಸರನ್ನು ಸಹರಚಯಿತನೆಂದು ಕಾಣಿಸಿಕೊಂಡನು. ಆಲ್ಬಮು ಅಮೆರಿಕದ ಮಾರಾಟದ ಪಟ್ಟಿಯಲ್ಲಿ ಐದನೆಯ ಸ್ಥಾನಕ್ಕೇರಿತು. ಅದೇ ವರ್ಷ ‘ಮಿಡ್‌ನೈಟ್ ಲೈಟ್ನಿಂಗ್’ ಎಂಬುದೂ ಇದೇ ಕ್ರಮದಲ್ಲಿ ಬಂದಿತು.

ಡಗ್ಲಸನ ಪಕ್ಷದಲ್ಲಿ ಹೇಳತಕ್ಕುದು ಏನೂ ಇಲ್ಲವೆಂದಲ್ಲ. ಉಳಿದಿದ್ದ ಟೇಪುಗಳಲ್ಲಿ ಹಿಮ್ಮೇಳವು ಎಷ್ಟೋ ಕಡೆ ಶಿಥಿಲವಾಗಿತ್ತು. ಅದನ್ನು ಹಾಗೆಯೇ ಹೊರತರುವುದು ಮೃತನಿಗೆ ಅಪಚಾರವೆಂಬುದು ಅವನ ವಾದ. ಹೆಂಡ್ರಿಕ್ಸನು ತಾನೇ ಅಳಿಸಿ ಬರೆಯುವುದನ್ನೂ, ಇತರರ ಭಾಗವನ್ನು ತಾನು ನುಡಿಸುವುದನ್ನೂ ವಾಡಿಕೆಯಾಗಿ ಇಟ್ಟುಕೊಂಡಿದ್ದವನಲ್ಲವೆ ಎಂದು ‘ವಾಚ್‌ಟವರ್’ ಹಾಡನ್ನು ತೋರಿಸಿ ಆತನ ಪರವಾಗಿ ಕೇಳಬಹುದು. ಈ ವಾದದಲ್ಲಿ ಒಂದು ಹೆತ್ವಾಭಾಸವಿದೆ. ಕರ್ತೃವು ತಿದ್ದಿದುದು ತಾನು ಇನ್ನೂ ಹುಡುಕುತ್ತಿದ್ದ ಒಂದು ರೂಪದ ಕಡೆಗೆ. ಆ ರೂಪವು ಅವನ ಕಿವಿಯಲ್ಲಲ್ಲದೆ ಬೇರೆಲ್ಲಿಯೂ ಇರಲಿಲ್ಲ. ಹುಡುಕುವವನು ಹೋದಮೇಲೆ ಉಳಿದುದು ಹುಡುಕಿದ ಗುರುತು ಮಾತ್ರ. ಗಿಟಾರುವಾದಕನು ನುಡಿಸುವಾಗ ಡ್ರಮ್ಮಿನವನಿಗೆ ಕಿವಿಗೊಟ್ಟು, ಅವನ ಲಯಕ್ಕೆ ತಡೆದು, ಅವನೊಡನೆ ಜಗ್ಗಾಡಿ ಮುಂದುವರಿಯುತ್ತಾನೆ. ಸಂವಾದದಲ್ಲಿ ಒಬ್ಬನ ಮಾತುಗಳನ್ನು ಇಟ್ಟುಕೊಂಡು ಇನ್ನೊಬ್ಬನ ಮಾತುಗಳನ್ನು ಬದಲಾಯಿಸಿದರೆ ಮೊದಲನೆಯವನ ಮಾತೂ ಅರ್ಥಗೆಡುತ್ತದೆ. ಹೆಂಡ್ರಿಕ್ಸನ ಟ್ರ್ಯಾಕಿನಲ್ಲಿ ಒಂದು ಸ್ವರವನ್ನೂ ಮುಟ್ಟದೆಯೇ ಅವನ ವಾದನವನ್ನು ಕೆಡಿಸಬಹುದೆಂಬುದು ಈ ಆಲ್ಬಮಿನಿಂದ ತಿಳಿಯಬರುವ ವಿಚಿತ್ರವಾದ ಸಂಗತಿ. 1995ರಲ್ಲಿ ಡಗ್ಲಸನು ‘ವೂಡೂ ಸೂಪ್’ ಎಂಬ ಆಲ್ಬಮಿಗಾಗಿ ಎರಡು ಹಾಡುಗಳ ಡ್ರಮ್ಮನ್ನು ಮತ್ತೊಮ್ಮೆ ಹೊಸಬನಿಂದ ಬಾರಿಸಿದನು. ಇಪ್ಪತ್ತು ವರ್ಷಗಳ ಟೀಕೆಯು ಅವನ ಮತವನ್ನು ಬದಲಾಯಿಸಿರಲಿಲ್ಲವೆಂದು ಕಾಣುತ್ತದೆ.

ಅಷ್ಟರಲ್ಲಿ ಹಕ್ಕಿನ ಪ್ರಶ್ನೆಯು ನ್ಯಾಯಸ್ಥಾನಕ್ಕೆ ಹೋಗಿತ್ತು. ಮಗನ ಹಾಡುಗಳ ಹಕ್ಕುಗಳು ತನಗೆ ತಿಳಿಯದಂತೆ ಕೈಬಿಟ್ಟುಹೋದವೆಂದು ಅಲ್ ಹೆಂಡ್ರಿಕ್ಸನು 1993ರಲ್ಲಿ ದಾವೆ ಹೂಡಿದನು. ಅದರ ವೆಚ್ಚಕ್ಕೆ ‘ಮೈಕ್ರೋಸಾಫ್ಟ್’ ಸಂಸ್ಥಾಪಕರಲ್ಲೊಬ್ಬನೂ ಸಿಯಾಟಲ್ಲಿನವನೂ ಆದ ಪಾಲ್ ಆಲನ್ ಸಾಲವಿತ್ತನು. 1995ರಲ್ಲಿ ರಾಜಿಯಾಗಿ ಹಕ್ಕುಗಳು ತಂದೆಗೆ ಮರಳಿದವು. ‘ಎಕ್ಸ್‌ಪೀರಿಯನ್ಸ್ ಹೆಂಡ್ರಿಕ್ಸ್’ ಎಂಬ ಕುಟುಂಬದ ಸಂಸ್ಥೆಯು ಹುಟ್ಟಿತು. ಕ್ರೇಮರನನ್ನು ಮತ್ತೆ ಕರೆಯಲಾಯಿತು. 1997ರ ಏಪ್ರಿಲಿನಲ್ಲಿ ಮೇಲೆ ಹೇಳಿದ ಹದಿನೇಳು ಹಾಡುಗಳು ‘ಫಸ್ಟ್ ರೇಸ್ ಆಫ್ ದ ನ್ಯೂ ರೈಸಿಂಗ್ ಸನ್’ ಎಂಬ ಹೆಸರಿನಿಂದ ಬಂದವು. ಹೆಸರು ಹೆಂಡ್ರಿಕ್ಸನದೇ, ಆದರೆ ಅವನು ಯೋಚಿಸಿದ್ದ ಹೆಸರುಗಳಲ್ಲಿ ಒಂದು. ಅನುಕ್ರಮವು ಸಂಪಾದಕರದು. ಈ ಪ್ರತಿಯನ್ನು ಹೆಂಡ್ರಿಕ್ಸನ ನಾಲ್ಕನೆಯ ಆಲ್ಬಮೆಂದು ಕರೆಯುವವರುಂಟು. ಅದು ಸರಿಯಲ್ಲ, ಊಹಾಪಾಠವೆಂದು ಕರೆದರೆ ಅದರ ಗೌರವಕ್ಕೇನೂ ಕುಂದಿಲ್ಲ. ಅಲ್ಲದೆ ಅದರಲ್ಲಿಯ ‘ಸ್ಟೆಪಿಂಗ್ ಸ್ಟೋನ್’, ‘ಇಸಬೆಲ್ಲಾ’ ಎಂಬ ಎರಡು ಹಾಡುಗಳು 1970ರಲ್ಲಿ ಕರ್ತೃವಿನ ಜೀವಿತಕಾಲದಲ್ಲಿಯೇ ಒಂದು ಸಣ್ಣ ತಟ್ಟೆಯಾಗಿ ಹೊರಬಂದು ಬೇಗನೆ ಹಿಂತೆಗೆಯಲ್ಪಟ್ಟಿದ್ದವು, ಅವಕ್ಕೆ ಪಾಠಾಂತರಗಳುಂಟು.

ಕುಟುಂಬದ ಪ್ರತಿಗಳು ಸರ್ವಥಾ ನಿರ್ದುಷ್ಟವೆಂದೂ ಹೇಳಲಾಗದು. 2010ರ ‘ವ್ಯಾಲೀಸ್ ಆಫ್ ನೆಪ್ಚೂನ್’ ಎಂಬ ಆಲ್ಬಮಿನ ಮೂರು ಹಾಡುಗಳಲ್ಲಿ ಕೇಳಿಬರುವ ಬೇಸ್ ಗಿಟಾರೂ ಡ್ರಮ್ಮೂ ರೆಡಿಂಗನೂ ಮಿಚೆಲ್ಲನೂ 1987ರಲ್ಲಿ, ಎಂದರೆ ಗೆಳೆಯನು ತೀರಿಹೋಗಿ ಹದಿನೇಳು ವರ್ಷಗಳಾದ ಮೇಲೆ, ನುಡಿಸಿದುವು. ಕೈಗಳು ಅವೇ, ಕಾಲ ಬೇರೆ. 2013ರ ‘ಪೀಪಲ್, ಹೆಲ್ ಆಂಡ್ ಏಂಜಲ್ಸ್’ ಎಂಬುದರಲ್ಲಿ ಮಾತ್ರ ‘ಕ್ರ್ಯಾಶ್ ಲ್ಯಾಂಡಿಂಗ್’ ಹಾಡು ಡಗ್ಲಸನು ಕಿತ್ತುಹಾಕಿದ್ದ ಮೂಲದ ಹಿಮ್ಮೇಳದೊಡನೆ ಮತ್ತೆ ದೊರೆಯಿತು. ಮೂಲಟೇಪು ಉಳಿದಿದ್ದುದರಿಂದ ನಷ್ಟವು ಪರಿಹಾರ್ಯವಾಯಿತು. 1975ರಿಂದ ಮೂವತ್ತೆಂಟು ವರ್ಷ ಆ ಹಾಡನ್ನು ಕೇಳಿದವರು ಕೇಳಿದುದು ಬೇರೆಯದನ್ನೇ ಎಂಬುದಕ್ಕೆ ಪರಿಹಾರವಿಲ್ಲ.

ಇತರ ನಿದರ್ಶನಗಳನ್ನು ಇಲ್ಲಿ ಸಂಗ್ರಹವಾಗಿ ನೋಡಿದರೆ ಸಾಕು. 2009ರಲ್ಲಿ ಮೃತನಾದ ಮೈಕೆಲ್ ಜ್ಯಾಕ್ಸನ್ನನ ಹೆಸರಿನಲ್ಲಿ 2010ರ ಡಿಸೆಂಬರಿನಲ್ಲಿ ಬಂದ ‘ಮೈಕೆಲ್’ ಎಂಬ ಆಲ್ಬಮಿನ ಮೂರು ಹಾಡುಗಳ ಕಂಠವೇ ಅವನದಲ್ಲವೆಂದು ಆಕ್ಷೇಪವೆದ್ದು, ವ್ಯಾಜ್ಯವು ಕ್ಯಾಲಿಫೋರ್ನಿಯಾದ ಉಚ್ಚತಮ ನ್ಯಾಯಾಲಯದವರೆಗೆ ಹೋಗಿ, 2022ರಲ್ಲಿ ಆ ಹಾಡುಗಳನ್ನು ಅಂತರ್ಜಾಲದ ಸಂಗೀತಸೇವೆಗಳಿಂದ ತೆಗೆದುಹಾಕಲಾಯಿತು. ಇದು ಪ್ರಕ್ಷೇಪದ ಮಾತಲ್ಲ, ಕರ್ತೃತ್ವದ್ದೇ ಮಾತು. ಬೀಟಲ್ಸ್ ತಂಡದವರು ಜಾನ್ ಲೆನನ್ನನ ಮನೆಯ ಕ್ಯಾಸೆಟ್ಟುಗಳಿಂದ 1995ರಲ್ಲಿ ‘ಫ್ರೀ ಆಸ್ ಎ ಬರ್ಡ್’ ಹಾಡನ್ನು ಕಟ್ಟಿದರು. 2023ರಲ್ಲಿ ‘ನೌ ಆಂಡ್ ದೆನ್’ ಹಾಡಿಗಾಗಿ ಪಿಯಾನೋವಿನೊಡನೆ ಕಲಸಿಹೋಗಿದ್ದ ಕಂಠವನ್ನು ಗಣಕಯಂತ್ರದಿಂದ ಬೇರ್ಪಡಿಸಲಾಯಿತು. ಹಂಸಕ್ಷೀರನ್ಯಾಯವು ಅಸಾಧ್ಯವೆಂದು ಮೇಲೆ ಹೇಳಿದುದಕ್ಕೆ ಈಗ ಇಷ್ಟು ಅಪವಾದವನ್ನು ಸೇರಿಸಬೇಕು. 2016ರಲ್ಲಿ ಕಾಲವಾದ ಪ್ರಿನ್ಸ್ ಎಂಬ ಗಾಯಕನೂ ಮರಣಶಾಸನವಿಲ್ಲದೆಯೇ ಹೋದನು. ಅವನ ಭದ್ರಕೋಣೆಯಿಂದ 2018ರಲ್ಲಿ ಬಂದ ‘ಪಿಯಾನೋ ಆಂಡ್ ಎ ಮೈಕ್ರೋಫೋನ್ 1983’ ಎಂಬುದು ಒಬ್ಬನೇ ಕುಳಿತು ಹಾಡಿದ ಒಂದೇ ಕ್ಯಾಸೆಟ್ಟಿನ ಪಾಠ. ಏನನ್ನೂ ಕೂಡಿಸದೆ ಹೊರತಂದುದಕ್ಕೆ ಒಳ್ಳೆಯ ಮಾದರಿ. ಏಮಿ ವೈನ್‌ಹೌಸಳ ವಿಷಯದಲ್ಲಿ ನಡೆದುದು ಇವೆಲ್ಲಕ್ಕೂ ವಿರುದ್ಧವಾದುದು. ಆಕೆಯು 2011ರಲ್ಲಿ ತೀರಿಕೊಂಡಳು. ಅದೇ ವರ್ಷ ಒಂದು ಸಂಕಲನವು ಬಂದಿತು. ಉಳಿದ ಕರಡುಮುದ್ರಣಗಳನ್ನು ಮುಂದೆ ಯಾರೂ ಕೈಯಾಡಿಸಬಾರದೆಂದು ತಾನು ನಾಶಪಡಿಸಿದುದಾಗಿ ಮುದ್ರಣಸಂಸ್ಥೆಯ ಬ್ರಿಟಿಷ್ ಶಾಖೆಯ ಮುಖ್ಯಸ್ಥನಾದ ಡೇವಿಡ್ ಜೋಸೆಫನು 2015ರಲ್ಲಿ ತಿಳಿಸಿದನು. ವರ್ಜಿಲನು ಬೇಡಿಯೂ ಪಡೆಯದುದನ್ನು ಈಕೆಗೆ ಕೇಳದೆಯೇ ಕೊಟ್ಟರು. ಡಗ್ಲಸನು ಮಾಡಿದ ಕೇಡನ್ನು 2013ರಲ್ಲಿ ಸರಿಪಡಿಸಬಹುದಾಗಿದ್ದಿತು. ಜೋಸೆಫನ ಸದುದ್ದೇಶವನ್ನು ಸರಿಪಡಿಸುವ ಮಾರ್ಗವಿಲ್ಲ.

ಹೆಂಡ್ರಿಕ್ಸನ ವಾದನವನ್ನು ಅಭ್ಯಾಸಮಾಡುವವರು ಯಾವ ಆಲ್ಬಮನ್ನೇ ಹಿಡಿಯಲಿ, ಪ್ರತಿಯೊಂದು ಹಾಡಿಗೂ ಮುದ್ರಣದ ತಾರೀಖು, ಪ್ರತಿಯೊಂದು ವಾದ್ಯವನ್ನು ನುಡಿಸಿದವರ ಹೆಸರು, ಮಿಶ್ರಣವಾದ ವರ್ಷ ಈ ಮೂರನ್ನು ಕೇಳಬೇಕಾಗುತ್ತದೆ. ಸೆಪ್ಟೆಂಬರ್ 18, 1970 ಎಂಬ ಗಡಿಯ ಈಚೆ ಬಿದ್ದುದೆಲ್ಲವನ್ನೂ ಬೇರೆ ಸಾಲಿನಲ್ಲಿ ಬರೆದಿಟ್ಟುಕೊಳ್ಳಬೇಕಾಗುತ್ತದೆ. ಈ ಪರೀಕ್ಷೆಗೆ ನಿಲ್ಲುವ ಒಂದು ಹಾಡು ‘ಬೆಲಿ ಬಟನ್ ವಿಂಡೋ’. ಅದು 1970ರ ಆಗಸ್ಟಿನಲ್ಲಿ ‘ಎಲೆಕ್ಟ್ರಿಕ್ ಲೇಡಿ’ ಸ್ಟುಡಿಯೋದಲ್ಲಿ ಮುದ್ರಿತವಾದ ಕರಡು: ಹೆಂಡ್ರಿಕ್ಸನ ಕಂಠ, ಹೆಂಡ್ರಿಕ್ಸನ ಗಿಟಾರು, ಮತ್ತಾರೂ ಇಲ್ಲ. 1971ರಲ್ಲಿ ಮಿಚೆಲ್ಲನೂ ಕ್ರೇಮರನೂ ಇದಕ್ಕೆ ಡ್ರಮ್ಮನ್ನಾಗಲಿ ಬೇಸನ್ನಾಗಲಿ ಸೇರಿಸದೆ ‘ದ ಕ್ರೈ ಆಫ್ ಲವ್’ ಆಲ್ಬಮಿನ ಕಟ್ಟಕಡೆಯಲ್ಲಿಟ್ಟರು. 1997ರ ಪ್ರತಿಯಲ್ಲಿ ಉಳಿದ ಹಾಡುಗಳ ಅನುಕ್ರಮವು ಬಹುಮಟ್ಟಿಗೆ ಬದಲಾಯಿತು. ಇದಾದರೋ ಅದರಲ್ಲಿಯೂ ಕಡೆಯ ಹಾಡಾಗಿಯೇ ಇದೆ.